ಹೂವಷ್ಟೇ ಸಾಲದು: ಜೇನು, ಚಿಟ್ಟೆ ಉಳಿಯುವ ತೋಟಕ್ಕೆ ಗಿಡ ಮತ್ತು ಹುಲ್ಲು ಆರಿಸುವುದು ಹೇಗೆ?

ತೋಟದ ತುಂಬಾ ಹೂವಿದೆ. ನೀರು ಸರಿಯಾಗಿ ಹೋಗುತ್ತಿದೆ, ಗೊಬ್ಬರವೂ ಬಿದ್ದಿದೆ. ಆದರೆ ಬೆಳಗ್ಗೆ ಹತ್ತು ಗಂಟೆಗೆ, ಬಿಸಿಲು ಚೆನ್ನಾಗಿ ಬಿದ್ದಿರುವ ಹೊತ್ತಲ್ಲಿ ಹೋಗಿ ನಿಂತರೆ ಒಂದು ಜೇನುನೊಣವೂ ಕಾಣುವುದಿಲ್ಲ. ಅದೇ ಬೇಲಿಯಾಚೆ ಯಾರೂ ನೆಡದ, ಯಾರೂ ನೀರು ಹಾಕದ ಒಂದು ಕಾಡುಗಿಡದ ಪುಟಾಣಿ ಹೂಗಳ ಮೇಲೆ ಹತ್ತಾರು ಹುಳುಗಳು ಗುಂಯ್ ಅನ್ನುತ್ತಿರುತ್ತವೆ. ಈ ವ್ಯತ್ಯಾಸ ಯಾಕೆ ಅನ್ನುವುದು ಅರ್ಥವಾದರೆ ಯಾವ ಗಿಡ ನೆಡಬೇಕು ಅನ್ನುವ ಪ್ರಶ್ನೆಗೆ ಮುಕ್ಕಾಲು ಉತ್ತರ ಸಿಕ್ಕಿದ ಹಾಗೆ.

ಜೇನು, ಚಿಟ್ಟೆ ಕಡಿಮೆಯಾಗುತ್ತಿವೆ ಅನ್ನುವ ಸುದ್ದಿ ಓದಿ, ನಾವೂ ಏನಾದರೂ ಮಾಡೋಣ ಅಂತ ಹೊರಟವರಿಗೆ ಮೊದಲು ಸಿಗುವುದು ಗಿಡಗಳ ಪಟ್ಟಿ. ಆ ಪಟ್ಟಿ ಬಹಳ ಸಲ ಬೇರೆ ಯಾವುದೋ ಖಂಡದವರು ತಮ್ಮ ಮಣ್ಣಿಗೆ ಮಾಡಿಕೊಂಡದ್ದು. ಹಾಗಾಗಿ ಇಲ್ಲಿ ಪಟ್ಟಿ ಕೊಡುತ್ತಿಲ್ಲ. ನಿಮ್ಮ ಪಟ್ಟಿಯನ್ನು ನೀವೇ ಮಾಡಿಕೊಳ್ಳುವುದು ಹೇಗೆ ಅಂತ ನೋಡೋಣ.

## ಹೂವಿಗೆ ಬರುವವರು ಯಾರು?

ಒಂದು ಹೂವಿನ ಪರಾಗ, ಅಂದರೆ ಆ ಹಳದಿ ಪುಡಿ, ಅದೇ ಜಾತಿಯ ಇನ್ನೊಂದು ಹೂವಿನ ಅಂಟಾದ ತುದಿಗೆ ತಲುಪಿದರೆ ಕಾಯಿ ಕಟ್ಟುತ್ತದೆ, ಬೀಜವಾಗುತ್ತದೆ. ಇದೇ ಪರಾಗಸ್ಪರ್ಶ. ಗಿಡ ನಡೆದು ಹೋಗಲಾರದು. ಅದಕ್ಕೇ ಕೆಲವು ಗಿಡಗಳು ಗಾಳಿಯನ್ನು ನಂಬಿವೆ, ಉಳಿದವು ಹುಳು, ಹಕ್ಕಿ, ಬಾವಲಿಗಳನ್ನು ಕರೆಯುತ್ತವೆ. ಹೂ ಬಿಡುವ ಗಿಡಗಳಲ್ಲಿ 100ಕ್ಕೆ ಸುಮಾರು 87 ಜಾತಿಗಳು ಹೀಗೆ ಪ್ರಾಣಿಗಳನ್ನು ನೆಚ್ಚಿಕೊಂಡಿವೆ. ಮಕರಂದ ಅನ್ನುವುದು ಅವು ಕೊಡುವ ಕೂಲಿ.

ಜೇನು ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಗೂಡು, ರಾಣಿ, ತುಪ್ಪ. ಆದರೆ ಜಗತ್ತಿನಲ್ಲಿ ಜೇನಿನ ಬಳಗಕ್ಕೆ ಸೇರಿದ ಸುಮಾರು 20,000 ಜಾತಿಗಳಿವೆ. ಹೆಜ್ಜೇನು, ತುಡುವೆ, ಕೋಲುಜೇನು ಇವೆಲ್ಲ ಸೇರಿದ ಗುಂಪಿನಲ್ಲಿ ಇರುವುದು ಹತ್ತು ಹನ್ನೊಂದು ಜಾತಿ ಅಷ್ಟೇ. ಉಳಿದವುಗಳಲ್ಲಿ ಬಹುಪಾಲು ಒಂಟಿ ಜೇನುಗಳು. ಅವಕ್ಕೆ ರಾಣಿಯೂ ಇಲ್ಲ, ತುಪ್ಪದ ದಾಸ್ತಾನೂ ಇಲ್ಲ. ಒಬ್ಬಳೇ ತಾಯಿ ಒಂದು ಸಣ್ಣ ಬಿಲ ಮಾಡಿ, ಪರಾಗ ಮತ್ತು ಮಕರಂದ ಕಲಸಿದ ಉಂಡೆ ಇಟ್ಟು, ಅದರ ಮೇಲೆ ಒಂದು ಮೊಟ್ಟೆ ಇಟ್ಟು ಬಾಯಿ ಮುಚ್ಚುತ್ತಾಳೆ. ಆ ಬಿಲಗಳಲ್ಲಿ 100ಕ್ಕೆ ಸುಮಾರು 70 ಇರುವುದು ಮಣ್ಣಿನಲ್ಲಿ. ಬಾಕಿಯವು ಟೊಳ್ಳು ಕಾಂಡ, ಮರದ ತೂತು, ಕಲ್ಲಿನ ಸಂದುಗಳಲ್ಲಿ. ಈ ಲೆಕ್ಕವನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ, ಮುಂದೆ ಬಹುವಾರ್ಷಿಕ ಗಿಡ ಯಾಕೆ, ಹುಲ್ಲು ಯಾಕೆ ಅಂತ ಕೇಳುವಾಗ ಉತ್ತರ ಇದರಲ್ಲೇ ಇದೆ.

ಇವಲ್ಲದೆ ಚಿಟ್ಟೆ, ಪತಂಗ, ಜೀರುಂಡೆ, ನೊಣಗಳೂ ಬರುತ್ತವೆ. ಕಣಜದಂತೆ ಪಟ್ಟೆ ಹೊತ್ತು, ಹೂವಿನ ಮುಂದೆ ಗಾಳಿಯಲ್ಲೇ ನಿಂತುಬಿಡುವ ಹೂನೊಣವನ್ನು ನೋಡಿರಬಹುದು. ಅದು ಕಚ್ಚುವುದಿಲ್ಲ. ಅದರ ಬಳಗದ ಎಷ್ಟೋ ಜಾತಿಗಳ ಮರಿಗಳು ಗಿಡದ ಹೇನುಗಳನ್ನೇ ತಿಂದು ಬೆಳೆಯುತ್ತವೆ.

## ‘ಸ್ಥಳೀಯ’ ಅಂದರೆ ಎಷ್ಟು ಸ್ಥಳೀಯ?

ಮನುಷ್ಯ ತಂದು ನೆಡದೆ, ಒಂದು ಪ್ರದೇಶದಲ್ಲಿ ಸಾವಿರಾರು ವರ್ಷಗಳಿಂದ ತಾನಾಗಿ ಬೆಳೆದುಕೊಂಡು ಬಂದ ಗಿಡವೇ ಆ ಪ್ರದೇಶದ ಸ್ಥಳೀಯ ಗಿಡ. ನಾವು ಚಿಕ್ಕಂದಿನಿಂದ ನೋಡಿದ್ದೆಲ್ಲ ಸ್ಥಳೀಯವಲ್ಲ. ಚೆಂಡು ಹೂವನ್ನೇ ತಗೊಳ್ಳಿ, ಅದರ ಮೂಲ ಮೆಕ್ಸಿಕೋ ಕಡೆ. ಜಿನ್ನಿಯಾ, ಕಾಸ್ಮಾಸ್ ಕೂಡ ಆ ಕಡೆಯವೇ.

ಹಾಗಂತ ಸ್ಥಳೀಯ ಅನ್ನುವುದು ಗಿಡದ ಗುಣವಲ್ಲ, ಗಿಡಕ್ಕೂ ಜಾಗಕ್ಕೂ ಇರುವ ಸಂಬಂಧ. ದರ್ಭೆಯ ಜೊತೆ ಎಣಿಸುವ, ಬೆಳ್ಳಗಿನ ರೇಷ್ಮೆಯಂಥ ತೆನೆ ಬಿಡುವ ಇಂಪೆರಾಟಾ ಸಿಲಿಂಡ್ರಿಕಾ ಹುಲ್ಲು ದಕ್ಷಿಣ ಏಷ್ಯಾದಲ್ಲಿ ಸ್ಥಳೀಯ. ಅದೇ ಹುಲ್ಲು ಅಮೆರಿಕದ ಆಗ್ನೇಯ ರಾಜ್ಯಗಳಲ್ಲಿ ಕಾಡನ್ನೇ ನುಂಗುವ ಕಳೆ. ಲೈಥ್ರಮ್ ಸಲಿಕೇರಿಯಾ ಅನ್ನುವ ನೇರಳೆ ಹೂವಿನ ಗಿಡ ಯುರೋಪಿನ ನೀರಂಚಿನಲ್ಲಿ ಚಂದದ ಗಿಡ, ಉತ್ತರ ಅಮೆರಿಕದ ಜೌಗು ನೆಲಗಳಲ್ಲಿ ದೊಡ್ಡ ತಲೆನೋವು. ಆದ್ದರಿಂದ ‘ಇದು ಒಳ್ಳೆಯ ಗಿಡವಾ?’ ಅಂತ ಕೇಳುವುದಕ್ಕಿಂತ ‘ಇದು ಇಲ್ಲಿಗೆ ಒಳ್ಳೆಯದಾ?’ ಅಂತ ಕೇಳಬೇಕು. ದೇಶದ ಗಡಿಯೂ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ದೇಶದ ಮಳೆಕಾಡಿನ ಗಿಡ ಬಯಲುಸೀಮೆಗೆ ಹೊರಗಿನದೇ. ಮಳೆ, ಮಣ್ಣು, ಎತ್ತರ, ಚಳಿ ಇವು ಹೊಂದಬೇಕು.

ಇಷ್ಟೊಂದು ಗೊಡವೆ ಯಾಕೆ ಅಂದರೆ, ಒಂದೇ ಊರಲ್ಲಿ ಒಟ್ಟಿಗೆ ಬೆಳೆದವರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧಕ್ಕೇ ಅರ್ಥವಾಗುವುದಿಲ್ವಾ, ಹಾಗೆ ಒಂದು ಜಾಗದ ಗಿಡವೂ ಹುಳುವೂ ಒಂದನ್ನೊಂದು ಅರಿತುಕೊಂಡಿರುತ್ತವೆ. ಹೂ ಅರಳುವ ಕಾಲಕ್ಕೆ ಸರಿಯಾಗಿ ಹುಳು ಹೊರಬರುತ್ತದೆ. ಹೂವಿನ ಆಳಕ್ಕೆ ಸರಿಯಾಗಿ ಅದರ ನಾಲಗೆಯ ಉದ್ದವಿರುತ್ತದೆ. 1862ರಲ್ಲಿ ಚಾರ್ಲ್ಸ್ ಡಾರ್ವಿನ್, ಮಡಗಾಸ್ಕರಿನ ಒಂದು ಆರ್ಕಿಡ್ ಹೂವಿನ ಸುಮಾರು 30 ಸೆಂಟಿಮೀಟರ್ ಉದ್ದದ ಮಕರಂದದ ಕೊಳವೆ ನೋಡಿ, ಅಷ್ಟುದ್ದ ನಾಲಗೆಯ ಪತಂಗ ಅಲ್ಲಿ ಇರಲೇಬೇಕು ಅಂತ ಬರೆದರು. ಆಗ ಅಂಥದ್ದನ್ನು ಯಾರೂ ಕಂಡಿರಲಿಲ್ಲ. 1903ರಲ್ಲಿ ಅಲ್ಲಿನ ಪತಂಗಕ್ಕೆ ವಿಜ್ಞಾನಿಗಳು ಹೆಸರಿಟ್ಟರು, ಆಗ ಡಾರ್ವಿನ್ ತೀರಿಕೊಂಡು 21 ವರ್ಷವಾಗಿತ್ತು.

## ಎಲೆ ಕಚ್ಚಿಸಿಕೊಳ್ಳುವ ಗಿಡವೂ ಬೇಕು

ಜಾಸ್ತಿ ಜನ ತಪ್ಪುವುದು ಇಲ್ಲಿ. ಚಿಟ್ಟೆ ಬರಬೇಕು ಅಂದರೆ ಮಕರಂದದ ಹೂ ಇದ್ದರೆ ಸಾಕು ಅಂದುಕೊಳ್ಳುತ್ತೇವೆ. ಮಕರಂದ ದೊಡ್ಡ ಚಿಟ್ಟೆಯ ಊಟ. ಅದರ ಮರಿಹುಳು ತಿನ್ನುವುದು ಎಲೆಯನ್ನು, ಅದೂ ಸಿಕ್ಕಿದ ಎಲೆಯನ್ನಲ್ಲ. ಗಿಡಗಳು ತಮ್ಮನ್ನು ಕಾಪಾಡಿಕೊಳ್ಳಲು ಎಲೆಯಲ್ಲಿ ಕಹಿ, ವಿಷ, ಅಂಟುಹಾಲು ತುಂಬಿಕೊಂಡಿರುತ್ತವೆ. ಅದನ್ನು ಅರಗಿಸಿಕೊಳ್ಳುವ ಶಕ್ತಿ ಒಂದೊಂದು ಹುಳುವಿಗೆ ಒಂದೊಂದು ಗಿಡದ ಬಗ್ಗೆ ಮಾತ್ರ ಬಂದಿರುತ್ತದೆ. ಉತ್ತರ ಅಮೆರಿಕದ ಮೊನಾರ್ಕ್ ಚಿಟ್ಟೆಯ ಮರಿಹುಳು ಮಿಲ್ಕ್‌ವೀಡ್ ಅನ್ನುವ ಹಾಲುಗಿಡಗಳ ಎಲೆ ಬಿಟ್ಟು ಬೇರೇನೂ ತಿನ್ನುವುದಿಲ್ಲ. ಅದರ ದಾಯಾದಿ, ಏಷ್ಯಾ ಆಫ್ರಿಕಾಗಳಲ್ಲಿ ಹಾರಾಡುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಮೊಟ್ಟೆ ಇಡುವುದು ಎಕ್ಕ ಮತ್ತು ಅದರ ಬಂಧುಗಳ ಮೇಲೆ. ಬಿಳಿ ಹೂವಿನ ಚಿತ್ರಮೂಲದ ಮೇಲೆ ಪುಟ್ಟ ಪಟ್ಟೆಪಟ್ಟೆ ನೀಲಿ ಚಿಟ್ಟೆ ಮೊಟ್ಟೆ ಇಡುತ್ತದೆ.

ಈಗ ಲಂಟಾನ ನೋಡಿ. ಅದರ ಮೇಲೆ ಚಿಟ್ಟೆಗಳು ಮುತ್ತಿಕೊಂಡಿರುವುದನ್ನು ನೋಡಿದವರು ಅದಕ್ಕಿಂತ ಒಳ್ಳೆಯ ಗಿಡವಿಲ್ಲ ಅನ್ನಬಹುದು. ಮೂಲತಃ ಅಮೆರಿಕ ಖಂಡಗಳ ಉಷ್ಣವಲಯದ ಗಿಡ ಅದು. ಭಾರತಕ್ಕೆ 1809ರಲ್ಲಿ ಕಲ್ಕತ್ತಾದ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂತು. ಈಗ ಕಾಡುಗಳನ್ನು ಆವರಿಸಿ ಕೂತಿದೆ. ಮಕರಂದವೇನೋ ಕೊಡುತ್ತದೆ, ಆದರೆ ಅದು ಹಬ್ಬಿದ ಕಡೆ ಮರಿಹುಳುಗಳಿಗೆ ಬೇಕಾದ ಹತ್ತಾರು ಗಿಡಗಳು ನೆರಳಿಗೆ ಸಿಕ್ಕಿ ಸಾಯುತ್ತವೆ. ದಾರಿಯಲ್ಲಿ ಊಟದ ಹೋಟೆಲು ಮಾತ್ರ ಇದ್ದು, ಮನೆಗಳೆಲ್ಲ ಬಿದ್ದುಹೋದ ಊರಿನ ಹಾಗೆ. ಯುರೋಪಿನಲ್ಲಿ ಚೀನಾ ಮೂಲದ ಬಡ್ಲಿಯಾದ ಕಥೆಯೂ ಹೆಚ್ಚುಕಮ್ಮಿ ಇದೇ.

ಹಾಗಾದರೆ ಹೊರಗಿನ ಗಿಡ ಒಂದೂ ಬೇಡವಾ? ಸುತ್ತ ಹಬ್ಬಿಕೊಳ್ಳದ ಸ್ವಭಾವದ್ದಾಗಿದ್ದರೆ, ಮಕರಂದ ಕೊಡುವಂಥದ್ದಾಗಿದ್ದರೆ, ಇರಲಿ. ಕೀಳಬೇಕಾಗಿಲ್ಲ. ತೋಟದ ಬೆನ್ನೆಲುಬು ಮಾತ್ರ ಸ್ಥಳೀಯ ಗಿಡಗಳದ್ದಾಗಿರಲಿ.

## ಬಹುವಾರ್ಷಿಕ ಗಿಡವೇ ಯಾಕೆ?

ಒಂದೇ ಹಂಗಾಮಿನಲ್ಲಿ ಮೊಳೆತು, ಹೂ ಬಿಟ್ಟು, ಬೀಜ ಉದುರಿಸಿ ಸಾಯುವುದು ಏಕವಾರ್ಷಿಕ. ಬುಡ ಮತ್ತು ಬೇರು ಉಳಿದು, ಕಾಲ ಬಂದಾಗ ಮತ್ತೆ ಚಿಗುರಿ ವರ್ಷ ವರ್ಷವೂ ಹೂ ಬಿಡುವುದು ಬಹುವಾರ್ಷಿಕ. ಕೆಲವು ಬೇಸಿಗೆಯಲ್ಲೋ ಹಿಮಗಾಲದಲ್ಲೋ ಮೇಲೆ ಪೂರ್ತಿ ಒಣಗಿ ಸತ್ತ ಹಾಗೆ ಕಾಣುತ್ತವೆ. ಸತ್ತಿರುವುದಿಲ್ಲ, ಕೀಳಬೇಡಿ.

ವರ್ಷ ವರ್ಷ ಸಸಿ ಕೊಳ್ಳುವುದು ತಪ್ಪುತ್ತದೆ ಅನ್ನುವುದು ನಮಗಾಗುವ ಲಾಭ. ಹುಳುಗಳಿಗಾಗುವ ಲಾಭ ಅದಕ್ಕಿಂತ ದೊಡ್ಡದು. ಮಣ್ಣಿನಲ್ಲಿ ಗೂಡು ಮಾಡುವ ಜೇನುಗಳ ಮಾತು ಹೇಳಿದೆನಲ್ಲ, ಅವುಗಳ ಮರಿ ವರ್ಷದ ಬಹುಕಾಲ ನೆಲದೊಳಗೇ ಇರುತ್ತದೆ. ಏಕವಾರ್ಷಿಕ ಹೂಗಳ ಪಾತಿಯನ್ನು ಪ್ರತಿ ಹಂಗಾಮಿಗೂ ಅಗೆದು, ಮಗುಚಿ, ಹೊಸ ಸಸಿ ನೆಡುತ್ತೇವೆ. ಅಷ್ಟು ಸಲವೂ ಆ ಗೂಡುಗಳು ಒಡೆಯುತ್ತವೆ. ಬಹುವಾರ್ಷಿಕ ಗಿಡ ನೆಟ್ಟ ಜಾಗವನ್ನು ಗುದ್ದಲಿ ಮುಟ್ಟುವುದೇ ಅಪರೂಪ.

ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಇವು ಮೊದಲ ವರ್ಷ ನಿರಾಸೆ ಮಾಡುತ್ತವೆ. ಶಕ್ತಿಯೆಲ್ಲ ಬೇರಿಗೆ ಹೋಗುತ್ತದೆ, ಮೇಲೆ ನಾಲ್ಕೆಲೆ ಕಾಣಬಹುದು. ಎರಡನೆಯ ವರ್ಷ ಸ್ವಲ್ಪ ಹೂ. ಮೂರನೆಯ ವರ್ಷಕ್ಕೆ ಗಿಡ ತುಂಬಿಕೊಳ್ಳುತ್ತದೆ. ನಡುವೆ ಅವಸರಪಟ್ಟು ಗೊಬ್ಬರ ಸುರಿದರೆ ಎಲೆ ಜಾಸ್ತಿ, ಹೂ ಕಡಿಮೆ, ಉದ್ದ ಬೆಳೆದ ಕಾಂಡ ಗಾಳಿಗೆ ಮಲಗಿಬಿಡುತ್ತದೆ. ಬಡಮಣ್ಣಿಗೆ ಒಗ್ಗಿದ ಗಿಡಕ್ಕೆ ಬಡಮಣ್ಣೇ ಸುಖ.

## ಹೂ ನೋಡಿ ಆರಿಸುವಾಗ

ಮೊದಲು ಹೂವಿನ ಆಕಾರ. ಚಪ್ಪಟೆ ತಟ್ಟೆಯಂತೆ ಸಣ್ಣ ಹೂಗಳು ಗುಂಪಾಗಿ ಅರಳುವ ಗಿಡಗಳು, ಅಂದರೆ ಕೊತ್ತಂಬರಿ, ಸೂರ್ಯಕಾಂತಿ ಕುಟುಂಬದ ಥರದವು, ಗಿಡ್ಡ ನಾಲಗೆಯ ಸಣ್ಣ ಜೇನು ಮತ್ತು ನೊಣಗಳಿಗೆ ಆಗುತ್ತವೆ. ಕೊಳವೆಯಂಥ ಹೂಗಳು ಉದ್ದ ನಾಲಗೆಯ ಜೇನು, ಚಿಟ್ಟೆಗಳಿಗೆ. ತುಳಸಿಯಂತೆ, ತುಂಬೆಯಂತೆ ತುಟಿ ಇರುವ ಹೂಗಳ ಕೆಳತುಟಿ ಜೇನು ಇಳಿಯುವ ಜಗುಲಿ. ಆಡುಸೋಗೆಯ ಬಾಯಗಲ ಹೂವಿಗೆ ದೊಡ್ಡ ಕರಿ ದುಂಬಿಯಂಥ ಗಟ್ಟಿ ಮೈಯವರೇ ಬೇಕು. ರಾತ್ರಿ ಅರಳಿ ಪರಿಮಳ ಬೀರುವ ಬಿಳಿ ಹೂಗಳು ಪತಂಗಗಳಿಗೆ. ಒಂದೇ ಆಕಾರದ ಹತ್ತು ಗಿಡಕ್ಕಿಂತ ಬೇರೆ ಬೇರೆ ಆಕಾರದ ಐದು ಗಿಡ ಜಾಸ್ತಿ ಅತಿಥಿಗಳನ್ನು ಕರೆಯುತ್ತವೆ.

ಬದನೆ, ಟೊಮೆಟೊ ಬಳಗದ ಹೂಗಳಲ್ಲಿ ಇನ್ನೊಂದು ಸೋಜಿಗ. ಪರಾಗ ಒಂದು ಪುಟ್ಟ ಕೊಳವೆಯೊಳಗೆ ಇರುತ್ತದೆ, ಉಪ್ಪಿನ ಡಬ್ಬಿಯ ಹಾಗೆ ತುದಿಯಲ್ಲಿ ತೂತು. ದುಂಬಿ, ನೀಲಿ ಪಟ್ಟೆಯ ಜೇನುಗಳು ಹೂವನ್ನು ಅಪ್ಪಿ ಹಿಡಿದು ಎದೆಯ ಸ್ನಾಯು ನಡುಗಿಸಿ ಪುಡಿ ಉದುರಿಸಿಕೊಳ್ಳುತ್ತವೆ. ತುಪ್ಪ ಕೊಡುವ ಜೇನುಗಳಿಗೆ ಈ ವಿದ್ಯೆ ಬರುವುದಿಲ್ಲ. ಜೇನುಪೆಟ್ಟಿಗೆ ಇಟ್ಟರೆ ಎಲ್ಲ ಸರಿಹೋಗುತ್ತದೆ ಅನ್ನುವ ಮಾತು ಅದಕ್ಕೇ ಅರೆಬರೆ.

ಬಣ್ಣದ ವಿಚಾರಕ್ಕೆ ಬಂದರೆ, ಜೇನಿಗೆ ಕೆಂಪು ನಮಗೆ ಕಂಡ ಹಾಗೆ ಕಾಣುವುದಿಲ್ಲ. ನೀಲಿ, ನೇರಳೆ, ಹಳದಿ ಚೆನ್ನಾಗಿ ಕಾಣುತ್ತವೆ, ಜೊತೆಗೆ ನಮ್ಮ ಕಣ್ಣಿಗೆ ಸಿಗದ ನೇರಳಾತೀತ ಬೆಳಕೂ ಕಾಣುತ್ತದೆ. ನಮಗೆ ಬರೀ ಹಳದಿ ಅನ್ನಿಸುವ ಎಷ್ಟೋ ಹೂಗಳ ನಡುವೆ ಜೇನಿಗೆ ಮಕರಂದದ ದಾರಿ ತೋರಿಸುವ ಗೆರೆಗಳಿರುತ್ತವೆ.

ದಟ್ಟ ಎಸಳಿನ, ಚೆಂಡಿನಂತೆ ತುಂಬಿದ ಹೂಗಳ ಬಗ್ಗೆ ಹುಷಾರು. ಇಂಥ ಎಷ್ಟೋ ತಳಿಗಳಲ್ಲಿ ಪರಾಗ ಕೊಡಬೇಕಿದ್ದ ಕೇಸರಗಳೇ ಎಸಳಾಗಿ ಬದಲಾಗಿರುತ್ತವೆ. ಸೇವಂತಿಗೆ ಥರದ ಹೂಗಳಲ್ಲಿ ನಡುವಿನ ಸಣ್ಣ ಹೂಗಳು ಉದ್ದ ಎಸಳಿನವಾಗಿ ಮಾರ್ಪಟ್ಟು ಮಕರಂದದ ದಾರಿ ಮುಚ್ಚಿಹೋಗುತ್ತದೆ. ಮೊದಲು ಹೇಳಿದ, ಹೂ ತುಂಬಿಯೂ ಖಾಲಿ ಇರುವ ತೋಟದಲ್ಲಿ ಬಹಳ ಸಲ ಇರುವುದು ಇವೇ. ಒಂಟಿ ಸುತ್ತಿನ ಎಸಳು, ನಡುವೆ ಪುಡಿ ಕಾಣುವ ಹೂವೇ ಒಳ್ಳೆಯದು.

ಇನ್ನು ನೆಡುವ ರೀತಿ. ಜೇನು ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂವಿಗೆ ಅಂಟಿಕೊಳ್ಳುತ್ತದೆ, ಇದನ್ನು ಅರಿಸ್ಟಾಟಲ್ 2,300 ವರ್ಷಗಳ ಹಿಂದೆಯೇ ಗಮನಿಸಿದ್ದ. ಹಾಗಾಗಿ ಅಲ್ಲೊಂದು ಇಲ್ಲೊಂದು ನೆಡುವ ಬದಲು ಒಂದೊಂದು ಜಾತಿಯನ್ನು ಸುಮಾರು ಒಂದು ಮೀಟರ್ ಅಗಲದ ಗುಂಪಾಗಿ ನೆಡಿ. ಕುಂಡಗಳಿದ್ದರೆ ಒಂದೇ ಜಾತಿಯ ಮೂರು ಕುಂಡ ಒಟ್ಟಿಗೆ ಇಡಿ. ಮತ್ತೆ, ಎಲ್ಲ ಗಿಡವೂ ಒಂದೇ ಸಮಯಕ್ಕೆ ಹೂ ಬಿಟ್ಟು ಸುಮ್ಮನಾದರೆ ಹುಳುಗಳು ಉಪವಾಸ. ಹಂಗಾಮಿನ ಆರಂಭ, ನಡು, ಕೊನೆ, ಈ ಮೂರಕ್ಕೂ ಕನಿಷ್ಠ ಮೂರು ಮೂರು ಜಾತಿ ಇರುವಂತೆ ಲೆಕ್ಕ ಹಾಕಿ. ಆರಂಭ ಮತ್ತು ಕೊನೆಯ ಹೂಗಳನ್ನೇ ನಾವು ಮರೆಯುತ್ತೇವೆ. ಆಗಲೇ ಅವಕ್ಕೆ ಜಾಸ್ತಿ ಕಷ್ಟ.

## ಹುಲ್ಲು ಮಕರಂದ ಕೊಡುವುದಿಲ್ಲ, ಆದರೂ ಬೇಕು

ಹುಲ್ಲಿಗೂ ಹೂವಿದೆ. ತೆನೆಯಲ್ಲಿ ನೇತಾಡುವ ಸಣ್ಣ ಹಳದಿ, ನೇರಳೆ ಎಳೆಗಳೇ ಅದರ ಕೇಸರಗಳು. ಅದು ಗಾಳಿಯನ್ನು ನಂಬಿದ ಗಿಡ, ಹಾಗಾಗಿ ಮಕರಂದಕ್ಕೆ ಖರ್ಚು ಮಾಡುವುದಿಲ್ಲ. ಹಾಗಿದ್ದರೆ ಜೇನು, ಚಿಟ್ಟೆಯ ತೋಟದಲ್ಲಿ ಅದಕ್ಕೇನು ಕೆಲಸ?

ಒಂದು, ಅದು ಮರಿಗಳ ಊಟ. ಚಿಟ್ಟೆಗಳಲ್ಲಿ ಎರಡು ದೊಡ್ಡ ಬಳಗಗಳು, ಕಂದು ಚಿಟ್ಟೆಗಳು ಮತ್ತು ಚಂಗನೆ ನೆಗೆದು ಹಾರುವ ಸ್ಕಿಪ್ಪರ್‌ಗಳು, ಇವುಗಳಲ್ಲಿ ಬಹಳಷ್ಟು ಹುಲ್ಲಿನ ಮೇಲೇ ಬೆಳೆಯುತ್ತವೆ. ಮುಸ್ಸಂಜೆ ಹೊತ್ತು ದೀಪದ ಹತ್ತಿರ ಬಂದು ಒಣಗಿದ ಎಲೆಯಂತೆ ಕೂರುವ ಕಂದು ಚಿಟ್ಟೆಯನ್ನು ನೋಡಿರುತ್ತೀರಿ. ಆಫ್ರಿಕಾದಿಂದ ಆಸ್ಟ್ರೇಲಿಯಾದವರೆಗೂ ಇರುವ ಅದರ ಮರಿಹುಳುವಿಗೆ ಹುಲ್ಲು, ಭತ್ತದ ಎಲೆಯೇ ಆಹಾರ.

ಎರಡು, ಅದು ಮನೆ. ಗುಂಪುಗುಂಪಾಗಿ ಬೆಳೆಯುವ ಹುಲ್ಲಿನ ಬುಡದಲ್ಲಿ ಒಣಗಿದ ಎಲೆಗಳು ಸೇರಿ ಬೆಚ್ಚನೆಯ ಗುಡ್ಡೆಯಾಗುತ್ತದೆ. ಯುರೋಪಿನ ಕೆಲವು ದುಂಬಿಜೇನುಗಳು ಅಲ್ಲೇ ಗೂಡು ಕಟ್ಟುತ್ತವೆ. ಎರಡು ಗುಂಪುಗಳ ನಡುವಿನ ಬರಿ ಮಣ್ಣು ನೆಲದ ಜೇನುಗಳಿಗೆ ಸಿಗುತ್ತದೆ.

ಮೂರು, ಅದು ಪಕ್ಕದ ಗಿಡಗಳಿಗೆ ಆಸರೆ. ಎತ್ತರದ ಹೂಗಿಡಗಳು ಬಯಲಿನಲ್ಲಿ ನೆಟ್ಟಗೆ ನಿಲ್ಲುವುದು ಸುತ್ತ ಒತ್ತಿಕೊಂಡ ಹುಲ್ಲಿನಿಂದ. ಹುಲ್ಲು ತೆಗೆದು ಅವನ್ನು ಮಾತ್ರ ಪಾತಿಗೆ ತಂದರೆ ಅಡ್ಡ ಬೀಳುತ್ತವೆ. ಹುಲ್ಲು ಖಾಲಿ ಜಾಗ ತುಂಬುವುದರಿಂದ ಕಳೆಗೂ ಎಡೆಯಿರುವುದಿಲ್ಲ. ಬೇರಿನ ಕೆಲಸವಂತೂ ಮೇಲೆ ನಿಂತವರಿಗೆ ಕಾಣುವುದೇ ಇಲ್ಲ. ಲಾವಂಚದ ಬೇರು 3 ಮೀಟರ್‌ವರೆಗೂ ಇಳಿಯಬಲ್ಲದು, ಉತ್ತರ ಅಮೆರಿಕದ ಬಯಲುಗಳ ಬಿಗ್ ಬ್ಲೂಸ್ಟೆಮ್ ಹುಲ್ಲಿನದು 2 ಮೀಟರ್ ದಾಟುತ್ತದೆ. ಮಣ್ಣನ್ನು ಹಿಡಿದು, ಮಳೆನೀರನ್ನು ಒಳಗೆ ಇಳಿಸುವುದು ಇವೇ.

ಆರಿಸುವಾಗ ನೋಡಬೇಕಾದ್ದು ಮುಖ್ಯವಾಗಿ ಹುಲ್ಲು ಬೆಳೆಯುವ ರೀತಿ. ಲಾವಂಚದಂತೆ ಬುಡ ಬಿಟ್ಟು ಕದಲದೆ ಗುಂಪಾಗಿ ಬೆಳೆಯುವುದು ಒಂದು ಬಗೆ. ಗರಿಕೆಯಂತೆ ನೆಲದ ಮೇಲೋ ಕೆಳಗೋ ಕುಡಿ ಚಾಚಿ, ಗೆಣ್ಣಿಗೊಂದು ಬೇರು ಬಿಟ್ಟು ಹಬ್ಬುವುದು ಇನ್ನೊಂದು. ಸಣ್ಣ ತೋಟಕ್ಕೆ ಮೊದಲನೆಯದೇ ಸರಿ. ಕುಂಡದಿಂದ ಸಸಿ ಎತ್ತಿ ನೋಡಿ, ಬೇರಿನ ಉಂಡೆಯ ಸುತ್ತ ಚೂಪು ತುದಿಯ ಬಿಳಿ ಕಾಂಡಗಳು ಓಡಾಡಿದ್ದರೆ ಅದು ಹಬ್ಬುವ ಜಾತಿ. ಅಲಂಕಾರಕ್ಕೆ ಅಂತ ಮಾರುವ ಹುಲ್ಲುಗಳ ಬಗ್ಗೆ ಇನ್ನೂ ಎಚ್ಚರ ಬೇಕು. ದಕ್ಷಿಣ ಅಮೆರಿಕದ ಪಂಪಾಸ್ ಹುಲ್ಲು ಕ್ಯಾಲಿಫೋರ್ನಿಯಾ, ನ್ಯೂಜಿಲೆಂಡ್‌ಗಳಲ್ಲಿ, ಆಫ್ರಿಕಾದ ಫೌಂಟನ್ ಹುಲ್ಲು ಹವಾಯಿಯಲ್ಲಿ ತೋಟದಿಂದಾಚೆ ಹಾರಿ ಹೋಗಿ ಹಾನಿ ಮಾಡಿವೆ.

ಎಷ್ಟು ಹುಲ್ಲು, ಎಷ್ಟು ಹೂ? ಮೂರರಲ್ಲಿ ಒಂದು ಪಾಲಿನಿಂದ ಅರ್ಧದವರೆಗೆ ಹುಲ್ಲಿದ್ದರೆ ತೋಟ ಬಯಲಿನಂತೆ ಕಾಣುತ್ತದೆ, ನಿಲ್ಲುತ್ತದೆ. ಜಾಗ ತೀರಾ ಕಡಿಮೆಯಿದ್ದರೆ ಎರಡು ಮೂರು ಗುಂಪು ಸಾಕು. ಗಿಡ್ಡ ಹೂಗಿಡಗಳ ಪಕ್ಕ ಆಳೆತ್ತರದ ಹುಲ್ಲು ಹಾಕಬೇಡಿ, ನೆರಳಿಗೆ ಹೂ ಸೊರಗುತ್ತದೆ.

## ನಿಮ್ಮ ಪಟ್ಟಿ ಮಾಡಿಕೊಳ್ಳುವುದು

ಹತ್ತಿರದಲ್ಲಿ ಉಳುಮೆಯಾಗದ, ಮದ್ದು ಬೀಳದ ಒಂದು ಜಾಗ ಹುಡುಕಿ. ಕಲ್ಲುಗುಡ್ಡ, ಕೆರೆಯಂಚು, ಕಾಡಿನ ಅಂಚು ಯಾವುದೂ ಆಗಬಹುದು. ತಿಂಗಳಿಗೊಮ್ಮೆ ಹೋಗಿ. ಯಾವುದು ಹೂ ಬಿಟ್ಟಿದೆ, ಅದರ ಮೇಲೆ ಯಾರು ಕೂತಿದ್ದಾರೆ ಅಂತ ಫೋಟೊ ತೆಗೆದು ಬರೆದಿಟ್ಟುಕೊಳ್ಳಿ. ಹೆಸರು ತಿಳಿಯಲು ಐನ್ಯಾಚುರಲಿಸ್ಟ್ ಆ್ಯಪ್ ಇದೆ. ಗಿಡದ ಮೂಲ ಯಾವುದು ಅಂತ ನೋಡಲು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ‘ಪ್ಲಾಂಟ್ಸ್ ಆಫ್ ದಿ ವರ್ಲ್ಡ್ ಆನ್‌ಲೈನ್’ ಜಾಲತಾಣದಲ್ಲಿ ನಕ್ಷೆಯ ಸಮೇತ ಸಿಗುತ್ತದೆ. ಹುಡುಕುವಾಗ ಸಸ್ಯಶಾಸ್ತ್ರೀಯ ಹೆಸರನ್ನೇ ಬಳಸಿ. ಆಡುಮಾತಿನ ಒಂದೇ ಹೆಸರು ನಾಲ್ಕು ಗಿಡಕ್ಕಿರಬಹುದು.

ಆಮೇಲೆ ನಿಮ್ಮ ಜಾಗ ನೋಡಿ. ಎಷ್ಟು ಗಂಟೆ ಬಿಸಿಲು, ನೀರು ನಿಲ್ಲುತ್ತದಾ ಬಸಿಯುತ್ತದಾ, ಮಣ್ಣು ಜಿಗುಟಾ ಮರಳಾ. ಗುಡ್ಡದ ಗಿಡವನ್ನು ನೀರು ನಿಲ್ಲುವ ಮೂಲೆಗೆ ಹಾಕಿದರೆ ಅದು ಸ್ಥಳೀಯವೇ ಆದರೂ ಬದುಕದು.

ಕಾಡಿನಿಂದ ಗಿಡ ಕಿತ್ತು ತರಬೇಡಿ. ಸಾಮಾನ್ಯವಾಗಿ ಕಾಣುವ ಗಿಡಗಳಾದರೆ, ಜಾಗದವರ ಒಪ್ಪಿಗೆ ಪಡೆದು ಸ್ವಲ್ಪ ಬೀಜ ತಂದು ಮೊಳೆಸಿ. ನರ್ಸರಿಯಲ್ಲಿ ಕೊಳ್ಳುವುದಾದರೆ ಸಸಿಗೆ ಯಾವ ಮದ್ದು ಹಾಕಿದ್ದೀರಿ ಅಂತ ಕೇಳಿ. ನಿಯೋನಿಕೋಟಿನಾಯ್ಡ್ ಅನ್ನುವ ಬಗೆಯ ಕೀಟನಾಶಕ ಬೇರಿನಿಂದ ಹೀರಿಕೊಂಡು ಎಲೆ, ಪರಾಗ, ಮಕರಂದಗಳಿಗೂ ಸೇರುತ್ತದೆ. ಜೇನಿಗಾಗಿ ಅಂತ ತಂದ ಗಿಡವೇ ಜೇನಿಗೆ ವಿಷ ಕೊಟ್ಟರೆ ಎಷ್ಟು ಸಂಕಟ ಅಲ್ವಾ? ಈ ಬಗೆಯ ಮೂರು ಮದ್ದುಗಳನ್ನು ಬಯಲಿನಲ್ಲಿ ಬಳಸುವುದನ್ನು ಐರೋಪ್ಯ ಒಕ್ಕೂಟ 2018ರಲ್ಲಿ ನಿಷೇಧಿಸಿತು.

## ನೆಟ್ಟ ಮೇಲೆ

ಮೊದಲ ವರ್ಷ ನೀರು, ಕಳೆ ನೋಡಿಕೊಳ್ಳಿ, ಅಷ್ಟೇ. ನೆಲವನ್ನೆಲ್ಲ ದಪ್ಪ ಹೊದಿಕೆಯಿಂದ ಮುಚ್ಚಬೇಡಿ, ಬಿಸಿಲು ಬೀಳುವ ಒಂದೆರಡು ಅಂಗೈ ಅಗಲದ ಜಾಗ ಬರಿದಾಗಿರಲಿ. ಎಲೆಯಲ್ಲಿ ತೂತು ಕಂಡರೆ ಮದ್ದಿನ ಡಬ್ಬಿ ಎತ್ತಿಕೊಳ್ಳಬೇಡಿ. ಮರಿಹುಳು ತಿಂದದ್ದಾದರೆ ಅದಕ್ಕೇ ಅಲ್ವಾ ನೆಟ್ಟದ್ದು. ಅಂಚಿನಲ್ಲಿ ಕತ್ತರಿ ಹಾಕಿದ ಹಾಗೆ ದುಂಡಗೆ ಎಲೆ ಹೋಗಿದ್ದರೆ ಅದು ಎಲೆಕತ್ತರಿ ಜೇನಿನ ಕೆಲಸ, ಆ ತುಂಡುಗಳಿಂದ ಅದು ಮರಿಗೆ ಕೋಣೆ ಕಟ್ಟುತ್ತಿದೆ.

ಹಂಗಾಮು ಮುಗಿದು ಗಿಡ ಒಣಗಿದಾಗ ಎಲ್ಲವನ್ನೂ ನೆಲಮಟ್ಟಕ್ಕೆ ಕೊಯ್ದು ಚೊಕ್ಕ ಮಾಡುವ ಆಸೆಯಾಗುತ್ತದೆ. ಹಾಗೇ ಬಿಡಿ. ಹೊಸ ಚಿಗುರು ಬರುವ ಹೊತ್ತಿಗೆ ಹೂಗಿಡದ ಒಣಕಾಂಡವನ್ನು 30ರಿಂದ 45 ಸೆಂಟಿಮೀಟರ್ ಎತ್ತರ ಬಿಟ್ಟು ಕತ್ತರಿಸಿ, ಕತ್ತರಿಸಿದ್ದನ್ನು ಒಂದು ಮೂಲೆಯಲ್ಲಿ ಒಟ್ಟಿ. ಹುಲ್ಲನ್ನೂ ಒಂದೇ ವರ್ಷ ಪೂರ್ತಿ ಕೊಯ್ಯದೆ ಅರ್ಧರ್ಧ ಕೊಯ್ಯಿರಿ. ಕೆಲವು ವಾರಗಳಲ್ಲಿ ಹೊಸ ಎಲೆಗಳು ಆ ಮೋಟುಗಳನ್ನು ಮರೆಮಾಡುತ್ತವೆ. ಆಗ ಬಗ್ಗಿ ಒಂದೊಂದೇ ಮೋಟಿನ ತುದಿ ನೋಡಿ. ನಡುವಿನ ಮೆತ್ತನೆಯ ಬೆಂಡಿನಲ್ಲಿ ಪೆನ್ಸಿಲ್ಲಿನ ಸೀಸದಷ್ಟು ಸಣ್ಣ ತೂತು, ಕೆಳಗೆ ಎಲೆಯ ಮೇಲೆ ಚೂರು ಪುಡಿ ಬಿದ್ದಿದ್ದರೆ ಅಲ್ಲಿ ಇರುವೆಗಿಂತ ತುಸು ದೊಡ್ಡದಾದ, ಹೊಳೆಯುವ ಮೈಯ ಸಣ್ಣ ಜೇನು ಸೇರಿಕೊಂಡಿರಬಹುದು. ಒಳಗೆ ಸಾಲಾಗಿ ಕೋಣೆಗಳು, ಕೋಣೆಗೊಂದು ಮೊಟ್ಟೆ. ಸ್ವಲ್ಪ ಹೊತ್ತು ಅಲುಗಾಡದೆ ನಿಂತರೆ ಬಾಗಿಲು ಕಾಯುವ ತಾಯಿಯೇ ಕಂಡರೂ ಕಂಡಾಳು.